ಅಜ್ಜನ ಡಬ್ಬದ ಅಂಕಿ

ಮಕ್ಕಳೇ, ನೀರುದೋಸೆಯ ಜೊತೆ ಜೋನಿ ಬೆಲ್ಲ ತಿಂದಿದ್ದೀರಲ್ಲ? ಚಳಿಗಾಲದ ಬೆಳಿಗ್ಗೆ ಅದು ಚಮಚದಿಂದ ಇಳಿಯುವುದೇ ಇಲ್ಲ. ತುಸು ಬಿಸಿ ಮಾಡಿದರೆ ಸರಸರನೆ ಹರಿಯುತ್ತದೆ. ಹರಿಯಲು ದ್ರವ ತೋರುವ ಈ ತಡೆಗೆ ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಸ್ನಿಗ್ಧತೆ ಎನ್ನುತ್ತಾರೆ. ಕಾರಿನ ಇಂಜಿನ್ ಆಯಿಲ್‌ಗೂ ಈ ಗುಣ ಉಂಟು.

ಕಳೆದ ತಿಂಗಳು ನಾವು ಬಿಜೈಯಿಂದ ಶಿರಾಡಿ ಘಾಟಿಯ ದಾರಿಯಾಗಿ ಬೆಂಗಳೂರಿಗೆ ಹೊರಡುವವರಿದ್ದೆವು. ಮಗನ ಹೊಸ ಕಾರಿಗೆ ಆಯಿಲ್ ಬದಲಿಸಬೇಕಿತ್ತು. ನಾನು ಯಾರನ್ನೂ ಕೇಳದೆ ಒಂದು ಡಬ್ಬ ಮಂದ ಆಯಿಲ್ ತಂದೆ. 'ಮಂದವಾದಷ್ಟೂ ಇಂಜಿನ್‌ಗೆ ಒಳ್ಳೆಯದು' ಎಂಬುದು ನಮ್ಮ ಕಾಲದ ನಂಬಿಕೆ.

ಏಳನೇ ತರಗತಿಯ ಮೊಮ್ಮಗಳು ಕಾರಿನ ಕೈಪಿಡಿ ತೆರೆದಳು. "ಅಜ್ಜ, ಇದರಲ್ಲಿ 0ಡಬ್ಲ್ಯು-20 ಅಂತ ಉಂಟು. ನಿಮ್ಮ ಡಬ್ಬದಲ್ಲಿ 20ಡಬ್ಲ್ಯು-50!"

"ಎರಡರಲ್ಲೂ 20 ಉಂಟಲ್ಲ?" ಎಂದೆ. ಅವಳು ನಕ್ಕಳು. ಅಂಕಿ ಜಾಗ ಬದಲಿಸಿದರೆ ಬೆಲೆಯೂ ಬದಲಾಗುತ್ತದೆ ಎಂದು ಬ್ಯಾಂಕಿನ ಗುಮಾಸ್ತನಾಗಿದ್ದ ನನಗೆ ಅವಳು ಹೇಳಬೇಕಾಯಿತು!

ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದನ್ನು ಹೇಳುತ್ತದೆ, ಚಿಕ್ಕದಾದಷ್ಟೂ ಸಲೀಸು. ಮುಂದಿನ ಅಂಕಿ ಇಂಜಿನ್ ಕಾದಾಗ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದು ಎಷ್ಟು ಮಂದ ಎಂಬುದರ ಗುರುತು. ಆ ಶಾಖದಲ್ಲಿ 50ರ ಆಯಿಲ್ 20ರದಕ್ಕಿಂತ ಸುಮಾರು ಇಮ್ಮಡಿ ಮಂದ.

"ನಮ್ಮ ಮಂಗಳೂರಿನಲ್ಲಿ ಚಳಿ ಎಲ್ಲುಂಟು?" ಎಂದು ಮೆಕ್ಯಾನಿಕ್‌ರನ್ನು ಕೇಳಿದೆ. "ರಾತ್ರಿಯಿಡೀ ನಿಂತ ಇಂಜಿನ್‌ನಲ್ಲಿ ಆಯಿಲ್ ಕೆಳಗೆ ಇಳಿದಿರುತ್ತದೆ ಸರ್. ಸ್ಟಾರ್ಟ್ ಮಾಡಿದ ಕೂಡಲೇ ಅದು ಮೇಲಿನ ಭಾಗಗಳಿಗೆ ಮುಟ್ಟಬೇಕು. ತೆಳು ಆಯಿಲ್ ಬೇಗ ಮುಟ್ಟುತ್ತದೆ" ಎಂದರು.

ಇಂದಿನ ಇಂಜಿನ್‌ಗಳ ಭಾಗಗಳನ್ನು ಬಹಳ ನಿಖರವಾಗಿ ಕಡೆದಿರುತ್ತಾರೆ. ಅವುಗಳ ನಡುವಿನ ಸಂದು ಕೂದಲೆಳೆಗಿಂತ ಕಿರಿದು. ಅಲ್ಲಿಗೆ ತೆಳು ಆಯಿಲ್ ಸಾಕು. ಮಂದ ಆಯಿಲನ್ನು ತಳ್ಳಲು ಇಂಜಿನ್ ಹೆಚ್ಚು ಶ್ರಮಪಡಬೇಕು. ಅಷ್ಟು ಪೆಟ್ರೋಲ್ ದಂಡ. ಒಂದು ಕಾರಿನಲ್ಲಿ ಉಳಿತಾಯ ಸಣ್ಣದೇ. ಲಕ್ಷಗಟ್ಟಲೆ ಕಾರುಗಳಲ್ಲಿ ಅದು ದೊಡ್ಡದಾಗುತ್ತದೆ. ನಮ್ಮ ದೇಶದಲ್ಲಿ 2017ರಿಂದ ಕಾರು ತಯಾರಕರಿಗೆ ಇಂಧನ ಉಳಿತಾಯದ ನಿಯಮವಿದೆ. ತೆಳು ಆಯಿಲ್ ಬಳಕೆಗೆ ಬರಲು ಅದೂ ಒಂದು ಕಾರಣ.

ಹಾಗೆಂದು ಅಜ್ಜಂದಿರೇ, ನಿಮ್ಮ ಹಳೆಯ ಕಾರಿಗೆ ತೆಳು ಆಯಿಲ್ ಹಾಕಿಸಬೇಡಿ. ಸವೆದ ಇಂಜಿನ್‌ನ ಅಗಲವಾದ ಸಂದುಗಳಲ್ಲಿ ಅದು ನಿಲ್ಲದೆ ಆಯಿಲ್‌ನ ಒತ್ತಡ ಇಳಿಯಬಹುದು. ಯಾವ ಕಾರಿಗೆ ಯಾವುದು ಎಂಬುದು ಅದರದೇ ಕೈಪಿಡಿಯಲ್ಲಿದೆ.

ನನ್ನ ಡಬ್ಬ ದಂಡವಾಗಲಿಲ್ಲ. ನೆರೆಮನೆಯವರ ಹಳೆಯ ಕಾರಿನ ಕೈಪಿಡಿಯಲ್ಲಿ ಅದೇ ಅಂಕಿ ಇತ್ತು. ಈ ಸಲ ಡಬ್ಬ ಕೊಡುವ ಮೊದಲು ಮೊಮ್ಮಗಳನ್ನು ಕರೆದು ಓದಿಸಿದೆ.