ಬೋರ್ಡೊ ವೈನಿಗೆ ಊರಿನ ಹೆಸರಿದೆ, ನಮ್ಮ ಮಣೂಕಕ್ಕೆ?

ಕಳ್ಳಕವಟಗಿಯಲ್ಲಿ ಕಾಕಾನ ದ್ರಾಕ್ಷಿ ತೋಟದಲ್ಲಿ ಕೂತು, ಫ್ರಾನ್ಸಿನ ಕ್ಯಾಬರ್ನೆ ಸಾವಿನ್ಯೋಂ ದ್ರಾಕ್ಷಿಯ ಫೋಟೋ ತೋರಿಸಿದೆ. ಕಾಕಾ ಕನ್ನಡಕ ಏರಿಸಿ ನೋಡಿದರು. “ಇದೇನಪಾ, ಕವಳಿ ಹಣ್ಣಿನಂಗ ಐತಿ! ಇಷ್ಟ ಸಣ್ಣ ಕಾಯಿ ಬೆಳದ್ರ ಯಾಂವ ತಗೋತಾನ?”

ಉತ್ತರ ಆ ಸಣ್ಣತನದಲ್ಲೇ ಇದೆ. ಕೆಂಪು ವೈನಿನ ಬಣ್ಣ, ಒಗರು, ಪರಿಮಳದ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಒಳಗಿನ ರಸಕ್ಕೆ ಬಣ್ಣವೇ ಇಲ್ಲ ಅನ್ನಬಹುದು. ನಾನು ಓದಿದ ಇಂಜಿನಿಯರಿಂಗ್ ಉಪಯೋಗಕ್ಕೆ ಬಂದಿದ್ದು ಇಲ್ಲೇ: ಕಾಯಿ ಚಿಕ್ಕದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಕಾಕಾ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಇದಕ್ಕೆ ತದ್ವಿರುದ್ಧ. ಕಾಯಿ ಉದ್ದ-ದಪ್ಪ ಆಗಲೆಂದೇ ಜಿಬರೆಲಿಕ್ ಆಮ್ಲ ಕೊಡುತ್ತೇವೆ. ವರ್ಷಕ್ಕೆರಡು ಚಾಟ್ನಿ, ಡ್ರಿಪ್ ನೀರು. ಬೋರ್ಡೊದಲ್ಲಿ ಚಳಿಗಾಲದಲ್ಲಿ ಒಂದೇ ಚಾಟ್ನಿ. ಬೆಳೆದ ಬಳ್ಳಿಗೆ ಸಾಮಾನ್ಯವಾಗಿ ನೀರು ಹಾಯಿಸುವಂತೆಯೇ ಇಲ್ಲ.

ವೈನ್ ಆಗೋದು ಹೇಗೆ? ಹಣ್ಣು ಒಡೆದು, ಸಿಪ್ಪೆಯ ಜೊತೆಗೇ ರಸವನ್ನು ಟ್ಯಾಂಕಿಗೆ ಹಾಕುತ್ತಾರೆ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಸಿಪ್ಪೆ ಮೇಲೆ ತೇಲಿದಾಗ, ಕೆಳಗಿನ ರಸವನ್ನು ಪಂಪ್ ಮಾಡಿ ಅದರ ಮೇಲೆ ಸುರಿಯುತ್ತಾರೆ. ಎರಡು-ಮೂರು ವಾರ ಇದೇ ಕೆಲಸ. ಆಮೇಲೆ ಬ್ಯಾಕ್ಟೀರಿಯಾ ಚುರುಕು ಹುಳಿಯನ್ನು ಮೆತ್ತಗಾಗಿಸುತ್ತದೆ. ಹೊಸ ವೈನು ಹಾಲು ಹಾಕದ ಕಡಕ್ ಚಹಾದಂತೆ ನಾಲಿಗೆ ಹಿಡಿಯುತ್ತದೆ. ಹಾಗಾಗಿ 225 ಲೀಟರಿನ ಓಕ್ ಪೀಪಾಯಿಯಲ್ಲಿ ವರ್ಷ, ಒಂದೂವರೆ ವರ್ಷ ಇಡುತ್ತಾರೆ. ಮರದ ಮೂಲಕ ಇಷ್ಟಿಷ್ಟೇ ಗಾಳಿಯಾಡಿ ಒಗರು ಇಳಿಯುತ್ತದೆ. ಮೆರ್ಲೋ ದ್ರಾಕ್ಷಿಯ ವೈನ್ ಬೆರೆಸಿ ಮೃದುತನ ತರುತ್ತಾರೆ.

ಇಷ್ಟು ತಂತ್ರ. ಇದನ್ನು ಕಲಿಯಬಹುದು, ಕಲಿತಿದ್ದೇವೆ ಕೂಡ. ದೊಡ್ಡಬಳ್ಳಾಪುರದ ಗ್ರೋವರ್ ವೈನರಿ ಬೋರ್ಡೊದ ತಜ್ಞ ಮಿಶೆಲ್ ರೋಲಾಂ ಅವರ ಸಲಹೆ ಪಡೆದೇ ‘ಲಾ ರಿಸರ್ವ್’ ಮಾಡಿತು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನೂ ತಂದಿತು.

ಆದರೆ ಬಾಟಲಿಯ ಮೇಲಿನ ಊರಿನ ಹೆಸರಿನ ಹಿಂದೆ ರಾಜಕೀಯವಿದೆ. 1911ರಲ್ಲಿ ಶಾಂಪೇನ್ ಪ್ರದೇಶದ ಬೆಳೆಗಾರರು ದಂಗೆ ಎದ್ದರು. ವ್ಯಾಪಾರಿಗಳು ಹೊರಗಿನ ದ್ರಾಕ್ಷಿ ತಂದು ತಮ್ಮೂರಿನ ಹೆಸರಲ್ಲಿ ಮಾರುತ್ತಿದ್ದಾರೆ ಅನ್ನೋದು ಅವರ ಸಿಟ್ಟು. ಇಂಥ ಜಗಳಗಳ ಬೆನ್ನಿಗೇ 1935ರ ಕಾನೂನು ಬಂತು. ಯಾವ ನೆಲ, ಯಾವ ತಳಿ, ಹೆಕ್ಟೇರಿಗೆ ಎಷ್ಟು ಇಳುವರಿ ಎಂಬುದೆಲ್ಲ ನಿಯಮವಾಯಿತು. ಹೆಸರು ಬೆಳೆದವರ ಕೈಗೆ ಬಂತು.

ನಮ್ಮಲ್ಲಿ? ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಶೆಡ್ಡಿನಲ್ಲಿ ಒಣಗಿ ಒಂದು ಕಿಲೋ ಮಣೂಕ ಆಗುತ್ತದೆ. ಕಾಕಾನ ಮಾಲು ತಾಸಗಾಂವ್, ಸಾಂಗ್ಲಿ ಮಾರ್ಕೆಟ್ಟಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ನಾನು ಕೊಳ್ಳುವ ಪ್ಯಾಕೆಟ್ಟಿನ ಮೇಲೆ ಪ್ಯಾಕ್ ಮಾಡಿದವರ ಹೆಸರಿರುತ್ತದೆ, ತಿಕೋಟಾ-ಬಬಲೇಶ್ವರದ ಹೆಸರಿಲ್ಲ.

ಎಲ್ಲರೂ ವೈನ್ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಕಾಕಾ ಅದನ್ನು ಮುಟ್ಟುವವರೂ ಅಲ್ಲ. ಫ್ರಾನ್ಸಿನಿಂದ ತರಬೇಕಾದದ್ದು ಓಕ್ ಪೀಪಾಯಿಗಿಂತ ಮೊದಲು ಆ ಕಾನೂನಿನ ಬುದ್ಧಿ.

“ಹೆಸರ ಬರದ್ರ ರೇಟ ಬರತೈತೇನು?” ಅಂದರು ಕಾಕಾ.

ಬರೇ ಬರೆದರೆ ಬರಲ್ಲ ಕಾಕಾ. ಅಲ್ಲಿಯವರು ಜಗಳಾಡಿ ತಗೊಂಡರು.