ನೆಗಡಿಗೆಲ್ಲ ಆ್ಯಂಟಿಬಯಾಟಿಕ್ ಬೇಕೇ?

ಚಳಿ ಶುರುವಾದರೆ ಸಾಕು, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ದವಾಖಾನೆಗಳ ಮುಂದೆ ಕೆಮ್ಮುವ ಮಕ್ಕಳನ್ನು ಎತ್ತಿಕೊಂಡ ತಾಯಂದಿರ ಸಾಲು. ಒಳಗೆ ಹೋದ ಮೇಲೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಮಾತು: ‘ಡಾಕ್ಟ್ರೇ, ಲಗೂನ ಆರಾಮ ಆಗೋ ಹಂಗ ಛಲೋ ಗುಳಿಗಿ ಬರದು ಕೊಡ್ರಿ. ನಾಳೆ ಸಾಲಿಗೆ ಕಳಸಬೇಕು!’

ಈ ‘ಛಲೋ ಗುಳಿಗಿ’ ಅಂದರೆ ಬಹಳ ಸಲ ಆ್ಯಂಟಿಬಯಾಟಿಕ್. ಹೊರಗೆ ರೋಗಿಗಳ ಸಾಲು, ಎದುರಿಗೆ ಆತಂಕದ ತಾಯಿ. ಬೇಡ ಅಂತ ತಿಳಿಸಿ ಹೇಳುವುದಕ್ಕಿಂತ ಬರೆದುಕೊಡುವುದೇ ಸುಲಭ ಎಂದು ವೈದ್ಯರಿಗೂ ಅನ್ನಿಸಿಬಿಡಬಹುದು.

ಯಾಕೆ ಬೇಡ?

ಆ್ಯಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು. ನೆಗಡಿ, ಫ್ಲೂ, ಬಹುಪಾಲು ಗಂಟಲುನೋವು ಬರುವುದು ವೈರಸ್‌ನಿಂದ. ಅದರ ಮುಂದೆ ಈ ಗುಳಿಗೆಯ ಆಟ ನಡೆಯದು. ನೆಗಡಿ 7ರಿಂದ 10 ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಸಿಂಬಳ ಹಳದಿ, ಹಸಿರಾಯಿತು ಅಂದಮಾತ್ರಕ್ಕೆ ಗಾಬರಿ ಬೇಡ. ಐದನೇ ದಿನ ಗುಳಿಗೆ ಶುರು ಮಾಡಿ, ಏಳನೇ ದಿನ ಕಡಿಮೆಯಾದರೆ ‘ಗುಳಿಗೆಯಿಂದಲೇ ಆರಾಮಾಯ್ತು’ ಅಂದ್ಕೋತೀವಿ, ಅಷ್ಟೆ.

ಬೇಡದೇ ನುಂಗಿದ ಗುಳಿಗೆಯಿಂದ ಭೇದಿ, ಮೈಮೇಲೆ ದದ್ದು ಬರಬಹುದು. ಅದಕ್ಕಿಂತ ದೊಡ್ಡ ಅಪಾಯ ಎಂದರೆ ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದಂತೆ ಪಳಗಿಬಿಡುವುದು. ನಾಳೆ ಅದೇ ಮಗುವಿಗೆ ನ್ಯುಮೋನಿಯಾ ಬಂದಾಗ, ಮಗಳ ಸಿಸೇರಿಯನ್ ಗಾಯ ಕೀವಾದಾಗ ಔಷಧಿ ನಾಟದಿದ್ದರೆ? 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಇಂಥ ಔಷಧಿಗೆ ಬಗ್ಗದ ಸೋಂಕುಗಳಿಂದಲೇ ಸತ್ತರೆಂದು ಅಂದಾಜು.

ನೀವೇನು ಮಾಡಬಹುದು?

* ‘ಛಲೋ ಗುಳಿಗಿ ಕೊಡ್ರಿ’ ಅನ್ನಬೇಡಿ. ‘ಇದಕ್ಕ ಆ್ಯಂಟಿಬಯಾಟಿಕ್ ಬೇಕೇ ಬೇಕೇನ್ರಿ? ಎರಡು ದಿನ ಕಾದು ನೋಡಬಹುದೇನ್ರಿ?’ ಎಂದು ಕೇಳಿ. ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕು ಎಂದೂ ಕೇಳಿಕೊಳ್ಳಿ.

* ಪಟ್ಟಿಯ ಮೇಲೆ ಕೆಂಪು ಗೆರೆ ಇರುವ ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ಈ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲೇ ಪ್ರಚಾರ ಆರಂಭಿಸಿತ್ತು.

* ಹೋದ ಸಲ ಉಳಿದ ಗುಳಿಗೆ, ಪಕ್ಕದ ಮನೆಯವರ ಸಿರಪ್ ಬೇಡವೇ ಬೇಡ.

* ವೈದ್ಯರೇ ಪರೀಕ್ಷಿಸಿ ಬೇಕು ಅಂದರೆ, ಅವರು ಹೇಳಿದಷ್ಟು ದಿನ ತಪ್ಪದೆ ಕೊಡಿ.

* ಬೆಚ್ಚಗಿನ ನೀರು, ಗಂಜಿ, ವಿಶ್ರಾಂತಿ ಇರಲಿ. ದೊಡ್ಡವರು ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಲಿ. ಒಂದು ವರ್ಷ ದಾಟಿದ ಮಕ್ಕಳಿಗೆ ಕೆಮ್ಮಿದ್ದರೆ ಸ್ವಲ್ಪ ಜೇನು ಕೊಡಬಹುದು, ಅದಕ್ಕಿಂತ ಚಿಕ್ಕವರಿಗೆ ಜೇನು ಕೂಡದು.

ಕಾಯಬಾರದ್ದು ಯಾವಾಗ?

ಮಗು ಅಳದೆ ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತಕ್ಷಣ ದವಾಖಾನೆಗೆ ಒಯ್ಯಿರಿ. ಉಸಿರೆಳೆದಾಗ ಎದೆ ಒಳಗೆ ಸೆಳೆದರೆ, ತುಟಿ ನೀಲಿಯಾದರೆ, ಹಾಲು ಕುಡಿಯದಿದ್ದರೆ, ಎಳೆಗೂಸಿಗೆ ಜ್ವರ ಬಂದರೆ ಕೂಡ ತಡ ಮಾಡಬೇಡಿ. ಮನೆಯಲ್ಲಿ ಯಾರಿಗೇ ಆಗಲಿ, ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕ್ಷಯದ ಪರೀಕ್ಷೆ ಮಾಡಿಸಿ.

ಇನ್ನು ಮುಂದೆ ವೈದ್ಯರು ‘ಈ ಗುಳಿಗಿ ಬ್ಯಾಡವಾ, ತಾನಾಗೇ ಆರಾಮ ಆಗ್ತದ’ ಅಂದರೆ ಕೊಟ್ಟ ಫೀಸು ದಂಡವಾಯ್ತು ಅಂದ್ಕೋಬೇಡಿ. ನಾಳೆ ನಿಮ್ಮ ಮಗುವಿನ ಜೀವ ಉಳಿಸಬೇಕಾದ ಔಷಧಿಯನ್ನು ಅವರು ಇವತ್ತೇ ಉಳಿಸಿಕೊಟ್ಟಿದ್ದಾರೆ.