ಕಾರ್ಖಾನೆ ಮುಚ್ಚಿದರೂ ನಿಲ್ಲದ ಯೆಜ್ಡಿ ಸದ್ದು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಮಾತ್ರ ಇಂದಿಗೂ ರಾಜ್ಯದ ಹೆದ್ದಾರಿಗಳಲ್ಲಿ ಓಡುತ್ತಿವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮಾರುಕಟ್ಟೆಗೆ ಮರಳಿದವಾದರೂ ಹೊಸವು ಫೋರ್ ಸ್ಟ್ರೋಕ್ ಎಂಜಿನ್‌ನವು. ಅವುಗಳ ಬಿಡಿಭಾಗ ಹಳೆಯ ಟೂ ಸ್ಟ್ರೋಕ್ ಎಂಜಿನ್‌ಗೆ ಹೊಂದುವುದಿಲ್ಲ. ಹೀಗಾಗಿ ಹಳೆಯ ಬೈಕಿನ ಆಯುಷ್ಯ ನಿಂತಿರುವುದು ಸವಾರರ ಬಳಗ ಹಾಗೂ ಅನುಭವಿ ಮೆಕ್ಯಾನಿಕ್‌ಗಳ ಮೇಲೆ.

ಪ್ರವಾಸಿ ಸವಾರರು ಹೆಚ್ಚು ಅಂಜುವುದು ಕ್ರ್ಯಾಂಕ್ ಆಯಿಲ್ ಸೀಲ್‌ಗೆ. ವರ್ಷಗಳು ಕಳೆದಂತೆ ಈ ರಬ್ಬರ್ ಸೀಲ್ ಗಡುಸಾಗುತ್ತದೆ. ಕ್ಲಚ್ ಬದಿಯದು ಕೆಟ್ಟರೆ ಗೇರ್ ಆಯಿಲ್ ಎಂಜಿನ್ ಸೇರಿ ದಟ್ಟ ಹೊಗೆ ಬರುತ್ತದೆ. ಇನ್ನೊಂದು ಬದಿಯದು ಕೆಟ್ಟರೆ ಹೊರಗಿನ ಗಾಳಿ ಒಳನುಗ್ಗಿ ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಕಾದು ಪಿಸ್ಟನ್ ಜಾಮ್ ಆಗುತ್ತದೆ. ವೇಗದಲ್ಲಿರುವಾಗ ಹಿಂದಿನ ಚಕ್ರ ಲಾಕ್ ಆದರೆ ಸವಾರನ ಜೀವಕ್ಕೇ ಅಪಾಯ. ಆದ್ದರಿಂದ ದೂರದ ಪ್ರಯಾಣಕ್ಕೆ ಮುನ್ನ ಸೀಲ್, ಪಾಯಿಂಟ್, ಕೇಬಲ್‌ಗಳ ತಪಾಸಣೆ ಅಗತ್ಯ. ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಪ್ರಮಾಣವೂ ತಪ್ಪಬಾರದು.

ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಹೊಸ ಸವಾಲು. ಎಥೆನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪ್‌ಗಳನ್ನು ಕೆಡಿಸುತ್ತದೆ. ಬೈಕನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬುರೇಟರ್ ಖಾಲಿ ಮಾಡುವುದು ಲೇಸು.

ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಬೆಂಗಳೂರು, ಮೈಸೂರಿನ ಸವಾರರು ಅಂದು ಒಟ್ಟುಗೂಡುತ್ತಾರೆ. ಯಾವ ಬಿಡಿಭಾಗ ಎಲ್ಲಿ ಸಿಗುತ್ತದೆ, ಎಂಜಿನ್ ಬಿಚ್ಚಬಲ್ಲ ಮೆಕ್ಯಾನಿಕ್ ಯಾರು ಎಂಬ ಮಾಹಿತಿ ಹಂಚಿಕೆಯಾಗುವುದು ಇಂತಹ ಭೇಟಿಗಳಲ್ಲೇ. ಹಳೆಯ ಬೈಕ್ ಕೊಳ್ಳಬಯಸುವವರು ಮೊದಲು ಈ ಬಳಗವನ್ನು ವಿಚಾರಿಸುವುದು ಒಳಿತು.